ತಲೆನೋವು ತಂದ ಸುದ್ದಿ



ತಲೆನೋವಿಗೆ ನಮ್ಮ ಮನೆಗಳಲ್ಲಿ ಯಾವತ್ತೂ ಹೆಚ್ಚಿನ ಮರ್ಯಾದೆ ಸಿಕ್ಕಿದ್ದಿಲ್ಲ. ಜ್ವರ ಬಂದರೆ ಅಮ್ಮ ಹಣೆ ಮುಟ್ಟಿ ನೋಡುತ್ತಾರೆ, ಶಾಲೆಗೆ ರಜೆ ಸಿಗುತ್ತದೆ. ವಾಂತಿಯಾದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ತಲೆನೋವು ಎಂದರೆ ಮಾತ್ರ "ಬಿಸಿಲಲ್ಲಿ ಅಲೆದೆಯಲ್ಲ, ಅದಕ್ಕೇ" ಎಂದೋ, "ನಾಳೆ ಲೆಕ್ಕದ ಪರೀಕ್ಷೆ ಇದೆಯಲ್ಲ, ಅದಕ್ಕೇ" ಎಂದೋ ಉತ್ತರ ಬರುತ್ತದೆ. ಹೆಚ್ಚೆಂದರೆ ಹಣೆಗೆ ಶುಂಠಿಯ ಪಟ್ಟು, ಇಲ್ಲವೇ ಒಂದು ಲೋಟ ಬಿಸಿ ಕಾಫಿ. ತಲೆನೋವು ಕಣ್ಣಿಗೆ ಕಾಣುವುದಿಲ್ಲ, ಥರ್ಮಾಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಹೇಳಿದವರ ಮಾತನ್ನು ನಂಬಬೇಕು, ಅಷ್ಟೆ.

ನಾನು ಕೆಲಸ ಮಾಡುವ ದೂರದರ್ಶನ ಸ್ಟುಡಿಯೋದಲ್ಲಂತೂ ತಲೆನೋವು ನಿತ್ಯದ ಮಾತು. ಮೇಲೆ ಪ್ರಖರ ದೀಪಗಳು, ಸುತ್ತಲೂ ಮುಚ್ಚಿದ ಗೋಡೆಗಳು, ಹೊತ್ತಿಗೆ ಸರಿಯಾಗಿ ಊಟವಿಲ್ಲ. 2021ರ ಏಪ್ರಿಲ್ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆ ಏರುತ್ತಿದ್ದಾಗ, ನಮ್ಮಲ್ಲಿ ದೀಪ ಜೋಡಿಸುವ ಹಿರಿಯ ಸಹೋದ್ಯೋಗಿಯೊಬ್ಬರು ಬಂದು "ಸಾರ್, ಬೆಳಗಿನಿಂದ ತಲೆ ಸಿಡೀತಾ ಇದೆ" ಎಂದರು. ನಾನು ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತದೆ "ಆ ದೀಪದ ಕೆಳಗೆ ನಿಂತರೆ ಯಾರಿಗೆ ತಾನೇ ಸಿಡಿಯೋದಿಲ್ಲ? ಹೋಗಿ ಒಂದು ಕಾಫಿ ಕುಡಿದು ಬನ್ನಿ" ಎಂದೆ. ಅವರಿಗೆ ಕೆಮ್ಮು ಇರಲಿಲ್ಲ. ಗೇಟಿನ ಬಳಿ ಹಣೆಗೆ ಹಿಡಿಯುವ ಜ್ವರಮಾಪಕ ಅವರನ್ನು ಒಳಗೆ ಬಿಟ್ಟಿತ್ತು. ಸಂಜೆಯವರೆಗೂ ಅವರು ನಮ್ಮೊಡನೆಯೇ ಕೆಲಸ ಮಾಡಿದರು. ಮೂರನೆಯ ದಿನ ಅವರಿಗೆ ಜ್ವರ ಬಂತು. ಅದಾದ ಎರಡು ದಿನಕ್ಕೆ ನನಗೂ ಇನ್ನಿಬ್ಬರಿಗೂ ಬಂತು. ಅವರು ಆಮ್ಲಜನಕದ ನೆರವಿನಿಂದ ಹೇಗೋ ಉಳಿದುಕೊಂಡರು. ಅವರ ಮನೆಯಲ್ಲಿದ್ದ ವಯಸ್ಸಾದ ತಂದೆ ಉಳಿಯಲಿಲ್ಲ.

ಯಾರಿಂದ ಯಾರಿಗೆ ಸೋಂಕು ತಗುಲಿತೆಂದು ಹೇಳಲು ಸಾಧ್ಯವಿಲ್ಲ. ಆದರೆ ವಿಜ್ಞಾನದಲ್ಲಿ ಪದವಿ ಪಡೆದ ನಾನು ಆ ದಿನ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ ಎಂಬುದಂತೂ ನಿಜ. ಆ ಪ್ರಶ್ನೆ ಯಾವುದು, ಅದನ್ನು ಏಕೆ ಕೇಳಬೇಕಿತ್ತು ಎಂಬುದನ್ನೇ ಈ ಮಾತುಕತೆಯಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ತಲೆನೋವು ಬಂದಾಗ ನೋಯುವುದು ಯಾವುದು ಎಂಬುದನ್ನು ನೋಡೋಣ. ಮಿದುಳು ಎಂದು ನೀವು ಹೇಳಬಹುದು. ವಿಚಿತ್ರವೆಂದರೆ, ದೇಹದ ನೋವನ್ನೆಲ್ಲ ಅರಿಯುವ ಮಿದುಳಿಗೆ ತನ್ನದೇ ಆದ ನೋವಿಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೆ ಅದರ ಸುದ್ದಿಯನ್ನು ನರತುದಿಗಳು ಮಿದುಳಿಗೆ ಮುಟ್ಟಿಸುತ್ತವೆ. ಅಂಥ ನರತುದಿಗಳು ಮಿದುಳಿನ ಒಳಗಡೆ ಇಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಮೂರ್ಛೆರೋಗಿಗಳ ತಲೆಬುರುಡೆಯನ್ನು ತೆರೆದು, ಅವರು ಎಚ್ಚರವಾಗಿರುವಾಗಲೇ ಮಿದುಳಿನ ಮೇಲ್ಮೈಯನ್ನು ಅಲ್ಪ ವಿದ್ಯುತ್ತಿನಿಂದ ಮುಟ್ಟಿ ಪರೀಕ್ಷಿಸುತ್ತಿದ್ದರು. ಮರಗಟ್ಟಿಸುವ ಮದ್ದನ್ನು ಕೊಡುತ್ತಿದ್ದುದು ಹೊರಗಿನ ಭಾಗಕ್ಕೆ ಮಾತ್ರ. ಒಂದು ಕಡೆ ಮುಟ್ಟಿದರೆ ರೋಗಿಯ ಕೈ ತಾನಾಗಿ ಅಲುಗುತ್ತಿತ್ತು, ಇನ್ನೊಂದು ಕಡೆ ಮುಟ್ಟಿದರೆ ನಾಲಗೆ ಜುಮ್ಮೆನ್ನುತ್ತಿತ್ತು. ಕೆಲವರಿಗೆ ಎಂದೋ ಕೇಳಿದ ಸಂಗೀತ ಮತ್ತೆ ಕೇಳಿದಂತಾಗುತ್ತಿತ್ತು. ಮಿದುಳನ್ನು ಮುಟ್ಟಿದ್ದರಿಂದ ನೋವು ಮಾತ್ರ ಆಗುತ್ತಿರಲಿಲ್ಲ.

ನೋಯುವುದು ಮಿದುಳನ್ನು ಸುತ್ತಿಕೊಂಡಿರುವ ಪೊರೆ, ಆ ಪೊರೆಯಲ್ಲಿ ಹರಿಯುವ ರಕ್ತನಾಳಗಳು, ಮತ್ತು ತಲೆ ಹಾಗೂ ಕತ್ತಿನ ಸ್ನಾಯುಗಳು. ಈ ಪೊರೆಯ ಬಹುಪಾಲು ನೋವಿನ ಸುದ್ದಿಯನ್ನು ಹೊತ್ತೊಯ್ಯುವುದು ಟ್ರೈಜೆಮಿನಲ್ ಎಂಬ ನರ. ಮುಖದ ಎಡಕ್ಕೊಂದು, ಬಲಕ್ಕೊಂದು ಇರುವ ಈ ನರಕ್ಕೆ ಮೂರು ಕವಲುಗಳು. ಒಂದು ಹಣೆ ಮತ್ತು ಕಣ್ಣಿನ ಕಡೆಗೆ, ಇನ್ನೊಂದು ಕೆನ್ನೆಗೆ, ಮತ್ತೊಂದು ಕೆಳದವಡೆಗೆ ಹೋಗುತ್ತದೆ. ಒಂದೇ ಟೆಲಿಫೋನ್ ತಂತಿಯನ್ನು ಎರಡು ಮನೆಯವರು ಹಂಚಿಕೊಂಡಿದ್ದರೆ ಕರೆ ಬಂದದ್ದು ಯಾವ ಮನೆಯಿಂದ ಎಂದು ವಿನಿಮಯ ಕೇಂದ್ರದಲ್ಲಿ ಕುಳಿತವರಿಗೆ ತಿಳಿಯುವುದು ಹೇಗೆ? ಮಿದುಳಿನ ಪಾಡೂ ಅಂಥದೇ. ಪೊರೆಯಿಂದ ಬಂದ ನೋವನ್ನು ಅದು ಹಣೆಯಿಂದಲೋ ಕಣ್ಣಿನ ಹಿಂಭಾಗದಿಂದಲೋ ಬಂದದ್ದೆಂದು ತಿಳಿಯುತ್ತದೆ. ನಾವು ಹಣೆಗೆ ಪಟ್ಟು ಹಾಕುತ್ತೇವೆ!

ಸರಿ, ವೈರಸ್ ಹೊಕ್ಕಿದ್ದು ಮೂಗಿಗೆ, ಗಂಟಲಿಗೆ. ಅಷ್ಟು ದೂರದಲ್ಲಿರುವ ಮಿದುಳಿನ ಪೊರೆ ನೋಯಬೇಕಾದ ಕಾರಣವೇನು? ವೈರಸ್ ಅಲ್ಲಿಗೂ ಹೋಗಿ ಕಚ್ಚುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮಿದುಳಿಗೆ ಅಥವಾ ಪೊರೆಗೇ ನುಗ್ಗುವ ವೈರಸ್‌ಗಳು ಉಂಟು. ಆದರೆ ಫ್ಲೂ ಅಥವಾ ಕೋವಿಡ್ ಬಂದವರ ಸಾಮಾನ್ಯ ತಲೆನೋವಿಗೆ ಆ ನುಗ್ಗುವಿಕೆ ಬೇಕಾಗಿಲ್ಲ. ಇದಕ್ಕೆ ಒಂದು ಸೊಗಸಾದ ಪುರಾವೆ ಇದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇಂಟರ್‌ಫೆರಾನ್ ಎಂಬ ಪದಾರ್ಥವನ್ನು ಕಂಡುಹಿಡಿದರು. ವೈರಸ್ ಹೊಕ್ಕ ಜೀವಕೋಶ ನೆರೆಯ ಕೋಶಗಳಿಗೆ "ಎಚ್ಚರ, ಶತ್ರು ಬಂದಿದ್ದಾನೆ" ಎಂದು ಸಾರುವ ಡಂಗುರ ಇದು. ಮುಂದೆ ಇದನ್ನೇ ಔಷಧವಾಗಿ ತಯಾರಿಸಿ, ಯಕೃತ್ತಿನ ವೈರಸ್ ಸೋಂಕಾದ ಹೆಪಟೈಟಿಸ್ ಇದ್ದವರಿಗೆ ಚುಚ್ಚುಮದ್ದಾಗಿ ಕೊಡತೊಡಗಿದರು. ಚುಚ್ಚುಮದ್ದು ಪಡೆದ ಕೆಲವೇ ಗಂಟೆಗಳಲ್ಲಿ ಬಹುಮಂದಿಗೆ ಚಳಿ, ಜ್ವರ, ಮೈಕೈ ನೋವು, ತಲೆನೋವು ಬರುತ್ತಿತ್ತು; ಥೇಟ್ ಫ್ಲೂ! ಆದರೆ ಅವರಿಗೆ ಫ್ಲೂ ವೈರಸ್ ತಗುಲಿರಲಿಲ್ಲ. ತಗುಲಿದ್ದು ಡಂಗುರದ ಸದ್ದು ಮಾತ್ರ.

ಇಂಟರ್‌ಫೆರಾನಿನ ಜೊತೆಗೆ ಇಂಟರ್‌ಲ್ಯೂಕಿನ್ ಮೊದಲಾದ ಇತರ ಸಂದೇಶವಾಹಕಗಳೂ ರಕ್ತದಲ್ಲಿ ಹರಿಯುತ್ತವೆ. ಅವುಗಳ ಪ್ರಚೋದನೆಯಿಂದ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥ ತಯಾರಾಗುತ್ತದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನಲ್ಲಿ ಇದು ದೇಹದ ಉಷ್ಣತೆಯ ಮಟ್ಟವನ್ನು ಏರಿಸುತ್ತದೆ. ನರತುದಿಗಳ ಬಳಿ ಇದ್ದರೆ ಅವನ್ನು ಸೂಕ್ಷ್ಮಗೊಳಿಸುತ್ತದೆ. ಹೀಗೆ ಕೆರಳಿದ ಟ್ರೈಜೆಮಿನಲ್ ನರದ ತುದಿಗಳು ಸಿಜಿಆರ್‌ಪಿ ಎಂಬ ಇನ್ನೊಂದು ಪದಾರ್ಥವನ್ನು ಸುರಿಸುತ್ತವೆ. ಪೊರೆಯ ರಕ್ತನಾಳಗಳು ಹಿಗ್ಗುತ್ತವೆ. ಆಗ, ಸಾಮಾನ್ಯ ದಿನಗಳಲ್ಲಿ ನಮ್ಮ ಗಮನಕ್ಕೇ ಬಾರದ ನಾಡಿಯ ಮಿಡಿತವೂ ನೋವಾಗುತ್ತದೆ. ಬಗ್ಗಿದರೆ, ಕೆಮ್ಮಿದರೆ ತಲೆ ಒಡೆದಂತಾಗುತ್ತದೆ. ಬೆಳಕು ಬೇಡ, ಮಾತು ಬೇಡ, ಕತ್ತಲೆಯ ಮೂಲೆಯಲ್ಲಿ ಮಲಗಿದರೆ ಸಾಕು ಎನ್ನಿಸುತ್ತದೆ. ಆ್ಯಸ್ಪಿರಿನ್ ಮಾತ್ರೆ ಈ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆಂದು 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾನ್ ವೇನ್. 1982ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಿಕ್ಕಿತು. ಅದಕ್ಕೂ ಮುಂಚೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಜನ ಆ್ಯಸ್ಪಿರಿನ್ ನುಂಗುತ್ತಿದ್ದರು, ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆಯೇ.

ತಲೆನೋವು ಇಲ್ಲಿ ವೈರಸ್ಸಿನ ಕೈಕೆಲಸ ಎನ್ನುವುದಕ್ಕಿಂತ ದೇಹದ ಕಾವಲುಪಡೆ ಎದ್ದಿರುವುದರ ಸದ್ದು ಎಂದರೆ ಸರಿಯಾದೀತು. ಕೋವಿಡ್ ಲಸಿಕೆ ಹಾಕಿಸಿಕೊಂಡ ರಾತ್ರಿ ನಿಮ್ಮಲ್ಲಿ ಹಲವರಿಗೆ ತಲೆ ನೋಯಿತಲ್ಲವೇ? ಕಾರಣ ಇದೇ. ಇನ್ನೊಂದು ವಿಷಯವನ್ನೂ ಗಮನಿಸಿ. ಕಾವಲುಪಡೆ ಏಳುವುದು ಸೋಂಕಿನ ಆರಂಭದಲ್ಲಿ. ಆದ್ದರಿಂದಲೇ ಅನೇಕರಲ್ಲಿ ಕೆಮ್ಮು ಜ್ವರಗಳಿಗಿಂತ ಮುಂಚೆ, ಮೊದಲ ದಿನವೇ, ತಲೆನೋವು ಕಾಣಿಸಿಕೊಳ್ಳುತ್ತದೆ. ಕೋವಿಡ್‌ನಲ್ಲಿ ರೋಗಿಯು ಇತರರಿಗೆ ಸೋಂಕನ್ನು ಹೆಚ್ಚಾಗಿ ಹರಡುವುದು ಯಾವಾಗ? ಲಕ್ಷಣಗಳು ಕಾಣುವುದಕ್ಕೆ ಒಂದೆರಡು ದಿನ ಮುಂಚಿನಿಂದ ಹಿಡಿದು, ಕಂಡ ನಂತರದ ಮೊದಲ ಕೆಲವು ದಿನಗಳಲ್ಲಿ. ನಮ್ಮ ಸ್ಟುಡಿಯೋದ ಗೇಟಿನಲ್ಲಿದ್ದ ಉಪಕರಣ ಜ್ವರಕ್ಕಾಗಿ ಕಾಯುತ್ತಿತ್ತು. ಹರಡುವ ಹೊತ್ತು ಅಷ್ಟರಲ್ಲಿ ಅರ್ಧ ಕಳೆದುಹೋಗಿರುತ್ತಿತ್ತು.

ಹಾಗಿದ್ದರೆ ತಜ್ಞರು ಮೊದಲಿನಿಂದಲೂ ತಲೆನೋವಿನ ಬಗ್ಗೆ ಎಚ್ಚರಿಸಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ಇದರ ಹಿಂದೆ ಒಂದು ಸ್ವಾರಸ್ಯವಾದ ಕಥೆ ಇದೆ. 2020ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವೊಂದು ಚೀನಾಕ್ಕೆ ಹೋಗಿ, ಪರೀಕ್ಷೆಯಲ್ಲಿ ಖಚಿತಪಟ್ಟ 55,924 ರೋಗಿಗಳ ವಿವರಗಳನ್ನು ಪ್ರಕಟಿಸಿತು. ಜ್ವರ ಶೇಕಡಾ 87.9 ಮಂದಿಗೆ, ಒಣ ಕೆಮ್ಮು ಶೇಕಡಾ 67.7 ಮಂದಿಗೆ, ತಲೆನೋವು ಶೇಕಡಾ 13.6 ಮಂದಿಗೆ ಮಾತ್ರ. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಎಂಬ ಮೂರು ಮಾತುಗಳು ಲೋಕದ ಬಾಯಿಪಾಠವಾದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತಲೆನೋವನ್ನು ತನ್ನ ಪಟ್ಟಿಗೆ ಸೇರಿಸಿದ್ದು ಅದೇ ವರ್ಷ ಏಪ್ರಿಲ್ ತಿಂಗಳ ಕೊನೆಯಲ್ಲಿ. ಇತ್ತ ಬ್ರಿಟನ್ನಿನಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಜ್ಞಾನಿಗಳು 2020ರ ಮಾರ್ಚಿಯಿಂದ ಬೇರೊಂದು ವಿಧಾನ ಹಿಡಿದಿದ್ದರು. ಜನರು ಮನೆಯಲ್ಲೇ ಕುಳಿತು, ಮೊಬೈಲ್ ಫೋನಿನ ಮೂಲಕ ತಮಗೆ ಏನೇನು ಆಗುತ್ತಿದೆ ಎಂದು ದಿನವೂ ಬರೆದು ತಿಳಿಸುವ ಏರ್ಪಾಡು ಅದು. ಲಕ್ಷಾಂತರ ಜನ ಬರೆದರು. ಅಲ್ಲಿ ತಲೆನೋವು ಪಟ್ಟಿಯ ಮೇಲ್ತುದಿಯಲ್ಲೇ ಇತ್ತು. 2021ರ ಜೂನ್ ಹೊತ್ತಿಗಂತೂ ತಲೆನೋವು, ಗಂಟಲುನೋವು, ಸುರಿಯುವ ಮೂಗು ಇವೇ ಅಲ್ಲಿನ ಮುಖ್ಯ ಲಕ್ಷಣಗಳೆಂದು ಅವರು ಸಾರಿದರು.

ಚೀನಾದವರಿಗೆ ಕಡಿಮೆ, ಬ್ರಿಟಿಷರಿಗೆ ಹೆಚ್ಚು ತಲೆನೋವು ಬಂತೇ? ವೈರಸ್ಸಿನ ತಳಿ ಬದಲಾದದ್ದು, ನಡುವೆ ಲಸಿಕೆ ಬಂದದ್ದು ಕಾರಣದ ಒಂದು ಭಾಗ. ಆದರೆ ಎಣಿಸಿದವರು ಯಾರು, ಎಣಿಸಿದ್ದು ಎಲ್ಲಿ ಎಂಬುದನ್ನೂ ನೋಡಬೇಕು. ಮೊದಲನೆಯ ಲೆಕ್ಕದಲ್ಲಿ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದವರು ಬಹಳ. ಉಸಿರಿಗಾಗಿ ಒದ್ದಾಡುತ್ತಿರುವ ರೋಗಿಯ ಮುಂದೆ ನಿಂತ ವೈದ್ಯರು "ನಿಮಗೆ ತಲೆ ನೋಯುತ್ತಿದೆಯೇ?" ಎಂದು ಕೇಳುತ್ತಾರೆಯೇ? ರೋಗಿಯಾದರೂ ಅದನ್ನು ಹೇಳುತ್ತಾನೆಯೇ? ಎರಡನೆಯ ಲೆಕ್ಕದಲ್ಲಿ ಮನೆಯಲ್ಲೇ ಮಲಗಿದ್ದವರು, ಬರೆಯಲು ಪುರಸೊತ್ತಿದ್ದವರು, ಪಟ್ಟಿಯಲ್ಲಿದ್ದ ಪ್ರತಿಯೊಂದು ಪ್ರಶ್ನೆಗೂ ಉತ್ತರಿಸಿದವರು ಇದ್ದರು. ನೀವು ಪ್ರಯೋಗಾಲಯದಲ್ಲಿ ಅಳೆಯುವಾಗ ಅಳತೆಗೋಲಿನ ದೋಷವನ್ನು ಬರೆಯುತ್ತೀರಲ್ಲ, ಹಾಗೆಯೇ ಇದು ಪ್ರಶ್ನೆ ಕೇಳುವ ರೀತಿಯ ದೋಷ. ಶೇಕಡಾ 13.6 ಸುಳ್ಳಲ್ಲ; ಅದು ಆಸ್ಪತ್ರೆಯ ಕಡತದಲ್ಲಿ ದಾಖಲಾದ ತಲೆನೋವು.

ಇದನ್ನೆಲ್ಲ ಕೇಳಿ ತಲೆನೋವು ಬಂದವರಿಗೆಲ್ಲ ಕೋವಿಡ್ ಎಂದು ತೀರ್ಮಾನಿಸಿಬಿಡಬೇಡಿ. ತಲೆನೋವಿಗೆ ಕಾರಣಗಳು ನೂರಾರು. ನಿದ್ದೆಗೆಟ್ಟರೆ, ಹೊಟ್ಟೆ ಖಾಲಿಯಿದ್ದರೆ, ಆನ್‌ಲೈನ್ ತರಗತಿಯಲ್ಲಿ ಆರು ಗಂಟೆ ಪರದೆ ನೋಡಿದರೆ, ಮನೆಯಲ್ಲೊಂದು ಚಿಂತೆ ಇದ್ದರೆ ಸಾಕು. 2020ರಲ್ಲಿ ಸಿಂಗಪುರದಲ್ಲಿ 158 ಮಂದಿ ಆಸ್ಪತ್ರೆ ಸಿಬ್ಬಂದಿಯನ್ನು ವಿಚಾರಿಸಿದಾಗ 128 ಮಂದಿ, ಬಿಗಿಯಾದ ಮುಖಗವಸು ಮತ್ತು ಕನ್ನಡಕ ತೊಟ್ಟಿದ್ದರಿಂದಲೇ ಹೊಸದಾಗಿ ತಲೆನೋವು ಬಂತೆಂದರು. ಲಸಿಕೆಗಳ ಪ್ರಯೋಗದಲ್ಲಿ ಇನ್ನೂ ತಮಾಷೆಯಾಯಿತು. ಹೋಲಿಕೆಗಾಗಿ ಕೆಲವರಿಗೆ ಲಸಿಕೆಯ ಬದಲು ಬರಿಯ ಉಪ್ಪುನೀರಿನಂಥ ಚುಚ್ಚುಮದ್ದು ಕೊಡುತ್ತಾರೆ. ಯಾರಿಗೆ ಯಾವುದು ಎಂದು ಅವರಿಗೆ ತಿಳಿಸುವುದಿಲ್ಲ. ಅಂಥ 12 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೊದಲ ಬಾರಿ ಈ ಹುಸಿಮದ್ದು ಪಡೆದವರಲ್ಲೇ ಸುಮಾರು ಶೇಕಡಾ 19 ಮಂದಿ ತಲೆನೋವೆಂದು ಹೇಳಿಕೊಂಡರು!

ಇಷ್ಟು ಸಾಮಾನ್ಯವಾದ ಲಕ್ಷಣದಿಂದ ಏನನ್ನಾದರೂ ತಿಳಿಯಲು ಸಾಧ್ಯವೇ? ಸಾಧ್ಯ, ಒಂದು ಸಣ್ಣ ಲೆಕ್ಕ ಮಾಡುವ ತಾಳ್ಮೆ ಇದ್ದರೆ. ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಕಾಲೇಜಿನಲ್ಲಿ 1,000 ವಿದ್ಯಾರ್ಥಿಗಳು ಇದ್ದಾರೆಂದು ಭಾವಿಸೋಣ. ಯಾವುದೇ ದಿನ, ಸೋಂಕಿಲ್ಲದವರಲ್ಲಿ ಶೇಕಡಾ 5 ಮಂದಿಗೆ ಬೇರೆ ಬೇರೆ ಕಾರಣಗಳಿಂದ ತಲೆನೋವು ಇರುತ್ತದೆ, ಸೋಂಕಿರುವವರಲ್ಲಿ ಅರ್ಧದಷ್ಟು ಮಂದಿಗೆ ತಲೆನೋವು ಇರುತ್ತದೆ ಎಂದು ಇಟ್ಟುಕೊಳ್ಳಿ. ಇವು ನಾನು ಲೆಕ್ಕಕ್ಕಾಗಿ ಊಹಿಸಿದ ಅಂಕಿಗಳು. ಸೋಂಕು ವಿರಳವಾದ ಕಾಲದಲ್ಲಿ 1,000 ಮಂದಿಯಲ್ಲಿ ಇಬ್ಬರಿಗೆ ಸೋಂಕು. ಅವರಲ್ಲಿ ಒಬ್ಬರಿಗೆ ತಲೆನೋವು. ಉಳಿದ 998 ಮಂದಿಯಲ್ಲಿ ಸುಮಾರು 50 ಮಂದಿಗೆ ತಲೆನೋವು. ಒಟ್ಟು 51 ತಲೆನೋವುಗಳಲ್ಲಿ ಸೋಂಕಿನದು ಒಂದೇ ಒಂದು. "ಕಾಫಿ ಕುಡಿದು ಬನ್ನಿ" ಎಂದರೆ ತಪ್ಪಿಲ್ಲ. ಈಗ ಅಲೆ ಏರಿದೆ, 100 ಮಂದಿಗೆ ಸೋಂಕು ತಗುಲಿದೆ ಎನ್ನಿ. ಅವರಲ್ಲಿ 50 ಮಂದಿಗೆ ತಲೆನೋವು. ಸೋಂಕಿಲ್ಲದ 900 ಮಂದಿಯಲ್ಲಿ 45 ಮಂದಿಗೆ ತಲೆನೋವು. ಒಟ್ಟು 95ರಲ್ಲಿ 50 ಸೋಂಕಿನವು, ಅಂದರೆ ಅರ್ಧಕ್ಕಿಂತ ಹೆಚ್ಚು! ತಲೆ ಅದೇ, ನೋವೂ ಅದೇ. ಬದಲಾದದ್ದು ಸುತ್ತಲಿನ ಊರು.

ನಾನು ಆ ದಿನ ಕೇಳದೆ ಬಿಟ್ಟ ಪ್ರಶ್ನೆ ಇದು: "ಈ ನೋವು ಎಂಥದು?" ಎಂದಲ್ಲ, "ಈ ವಾರ ಊರಿನಲ್ಲಿ ಏನು ನಡೆಯುತ್ತಿದೆ?" ಎಂದು. ನಿತ್ಯದ ತಲೆನೋವಿಗೂ ಸೋಂಕಿನ ತಲೆನೋವಿಗೂ ವ್ಯತ್ಯಾಸವನ್ನು ನೋವಿನ ರೀತಿಯಿಂದಲೇ ಗುರುತಿಸುವುದು ವೈದ್ಯರಿಗೂ ಕಷ್ಟ. ಕೋವಿಡ್‌ನದು ಹೆಚ್ಚಾಗಿ ತಲೆಯ ಎರಡೂ ಕಡೆ, ಒತ್ತಿ ಹಿಡಿದಂತೆ ಇರುತ್ತದೆ ಎನ್ನುತ್ತಾರೆ. ಪರೀಕ್ಷೆಯ ಚಿಂತೆಯದೂ ಹಾಗೆಯೇ ಇರುತ್ತದೆ.

ಕೋವಿಡ್ ಬರುವುದಕ್ಕೆ ಬಹಳ ಮುಂಚೆಯೇ ನಮ್ಮ ಮಲೆನಾಡಿನವರು ಈ ಪ್ರಶ್ನೆಯನ್ನು ಕಲಿತಿದ್ದಾರೆ. 1957ರಲ್ಲಿ, ಅದೇ ಇಂಟರ್‌ಫೆರಾನ್ ವರ್ಷದಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಉಣ್ಣೆಗಳ ಕಡಿತದಿಂದ ಹರಡುವ ಹೊಸ ವೈರಸ್ ಅದೆಂದು ತಿಳಿದುಬಂತು. ಮಂಗನ ಕಾಯಿಲೆಯೆಂದು ನಾವು ಕರೆಯುವುದು ಇದನ್ನೇ. ಅದು ಶುರುವಾಗುವುದು ಹಠಾತ್ತಾಗಿ ಬರುವ ಚಳಿಜ್ವರ ಮತ್ತು ಹಣೆ ಸೀಳುವಂಥ ತಲೆನೋವಿನಿಂದ. ಬೆಂಗಳೂರಿನ ಹುಡುಗನಿಗೆ ಫೆಬ್ರವರಿಯಲ್ಲಿ ಅಂಥ ತಲೆನೋವು ಬಂದರೆ ಯಾರೂ ಮಂಗನ ಕಾಯಿಲೆಯನ್ನು ನೆನೆಯುವುದಿಲ್ಲ. ಕಾಡಂಚಿನ ಊರಿನವರು, ದರಗು ಗುಡಿಸಲು ಹೋಗಿ ಬಂದವರು ಅದೇ ಮಾತು ಹೇಳಿದರೆ ಅಲ್ಲಿನ ವೈದ್ಯರು ಕೂಡಲೇ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮಳೆಗಾಲದಲ್ಲಿ ಕಣ್ಣುಗುಡ್ಡೆಯ ಹಿಂದೆ ನೋವೆಂದರೆ ಡೆಂಗೆ ಜ್ವರ ನೆನಪಾಗುವುದೂ ಹೀಗೆಯೇ.

1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿಯೂ ಚಳಿ, ಬೆನ್ನುನೋವು, ತೀವ್ರ ತಲೆನೋವು ಮೊದಲ ಲಕ್ಷಣಗಳಾಗಿದ್ದವು. ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಆಗ ವೈದ್ಯರಿಗೆ ವೈರಸ್ ಕಂಡಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿದ್ದು 1933ರಲ್ಲಿ. ಅವರಿಗಿದ್ದ ಆಧಾರ ಲಕ್ಷಣಗಳು, ಮತ್ತು ಪಕ್ಕದ ಮನೆಯಲ್ಲೂ ಅದೇ ಆಗಿದೆ ಎಂಬ ಸುದ್ದಿ. ನಮಗಾದರೋ ಪರೀಕ್ಷೆಯ ಸೌಲಭ್ಯವಿದೆ. ಸೋಂಕು ಹಬ್ಬಿರುವ ಕಾಲದಲ್ಲಿ ಹೊಸದಾಗಿ ತಲೆನೋವು ಬಂದರೆ, ಪರೀಕ್ಷೆಯ ಉತ್ತರ ಬರುವವರೆಗೆ ಬೇರೆ ಕೋಣೆಯಲ್ಲಿ ಮಲಗಿ, ತರಗತಿಗೆ ಹೋಗಬೇಡಿ, ಅಜ್ಜ ಅಜ್ಜಿಯ ಪಕ್ಕ ಕುಳಿತು ಊಟ ಮಾಡಬೇಡಿ. ಮನೆಯಲ್ಲಿ ಬೇರೆ ಕೋಣೆಯೇ ಇಲ್ಲದವರು ಮುಖಗವಸು ಹಾಕಿಕೊಂಡು ಕಿಟಕಿ ತೆರೆದಿಡಿ. ಸೋಂಕಿಲ್ಲ ಎಂದು ಗೊತ್ತಾದರೆ ನಷ್ಟವಾದದ್ದು ಒಂದೆರಡು ದಿನದ ಪಾಠ.

ಮಾತ್ರೆಯ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆಂದು ಆ್ಯಸ್ಪಿರಿನ್ ನುಂಗಬೇಡಿ. ಫ್ಲೂ ಅಥವಾ ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್ ಬಂದ ಮಕ್ಕಳಿಗೆ, ಹದಿಹರೆಯದವರಿಗೆ ಆ್ಯಸ್ಪಿರಿನ್ ಕೊಟ್ಟಾಗ, ಅಪರೂಪಕ್ಕೆ, ಯಕೃತ್ತು ಮತ್ತು ಮಿದುಳಿಗೆ ಹಾನಿಮಾಡುವ ರೈ ಸಿಂಡ್ರೋಮ್ ಬರುತ್ತದೆ. 1963ರಲ್ಲಿ ಆಸ್ಟ್ರೇಲಿಯಾದ ಡಗ್ಲಾಸ್ ರೈ ವಿವರಿಸಿದ ರೋಗ ಇದು. ಆ್ಯಸ್ಪಿರಿನ್ನಿನೊಂದಿಗೆ ಅದರ ಸಂಬಂಧ ಗೊತ್ತಾದ ಮೇಲೆ ಅಮೆರಿಕದಲ್ಲಿ 1986ರಿಂದ ಮಾತ್ರೆಯ ಮೇಲೆ ಎಚ್ಚರಿಕೆ ಮುದ್ರಿಸತೊಡಗಿದರು, ರೋಗವೂ ಬಹುಮಟ್ಟಿಗೆ ಮಾಯವಾಯಿತು. ಡೆಂಗೆ ಇರಬಹುದೆಂಬ ಅನುಮಾನವಿದ್ದರೆ ಆ್ಯಸ್ಪಿರಿನ್, ಐಬುಪ್ರೊಫೆನ್ ಎರಡೂ ಬೇಡ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸಾಮಾನ್ಯವಾಗಿ ಪ್ಯಾರಸಿಟಮಾಲ್ ಸಾಕು. ಅದೂ ಅಮೃತವಲ್ಲ. ವಯಸ್ಕರು ಕೂಡ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಯಕೃತ್ತು ಕೆಡುತ್ತದೆ. ನೆಗಡಿಯ ಎಷ್ಟೋ ಮಾತ್ರೆಗಳೊಳಗೂ ಪ್ಯಾರಸಿಟಮಾಲ್ ಇರುತ್ತದೆ, ಆದ್ದರಿಂದ ಎರಡನ್ನೂ ನುಂಗುವ ಮೊದಲು ಪೊಟ್ಟಣದ ಹಿಂಬದಿ ಓದಿ. ಇನ್ನು ಮಾತ್ರೆ ನುಂಗಿ ನೋವು ಇಳಿಯಿತೆಂದು ತರಗತಿಗೆ ಹೊರಡುವವರು ನೆನಪಿಡಬೇಕಾದದ್ದು: ಇಳಿದದ್ದು ಪ್ರೊಸ್ಟಗ್ಲಾಂಡಿನ್. ವೈರಸ್ ಇದ್ದಲ್ಲೇ ಇದೆ.

ಬಹುಪಾಲು ಸೋಂಕಿನ ತಲೆನೋವು ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಕೆಲವರಿಗೆ ಕೋವಿಡ್ ನಂತರ ವಾರಗಟ್ಟಲೆ ಉಳಿದದ್ದೂ ಉಂಟು. ಆದರೆ ಕೆಲವು ತಲೆನೋವುಗಳಿಗೆ ಕಾಯುವಂತಿಲ್ಲ. ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಮಂಪರು, ಮಾತು ತೊದಲುವುದು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಮತ್ತೆ ಮತ್ತೆ ವಾಂತಿ, ಇಲ್ಲವೇ ಕ್ಷಣಮಾತ್ರದಲ್ಲಿ ಸಿಡಿಲಿನಂತೆ ಎರಗುವ ನೋವು: ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೊರಡಿ, ರಾತ್ರಿಯಾದರೂ ಸರಿಯೇ. 2021ರಲ್ಲಿ ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದ ಅನೇಕರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದು ಸ್ಟೀರಾಯ್ಡ್ ಔಷಧಿ ಪಡೆದವರಿಗೆ, ಮುಖದ ಒಂದೇ ಪಕ್ಕದಲ್ಲಿ ನೋವು, ತಲೆನೋವು, ಕಣ್ಣಿನ ಸುತ್ತ ಊತ ಕಾಣಿಸಿಕೊಂಡಿತು. ಕಪ್ಪು ಶಿಲೀಂಧ್ರವೆಂದು ಪತ್ರಿಕೆಗಳು ಕರೆದ ಸೋಂಕು ಅದು. ಆ ವರ್ಷ ಜುಲೈ ಹೊತ್ತಿಗೆ ದೇಶದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ತಗುಲಿತ್ತು. "ಕೋವಿಡ್ ತಲೆನೋವು, ಹೋಗುತ್ತದೆ ಬಿಡು" ಎಂದು ಕಾದವರಲ್ಲಿ ಕೆಲವರು ಕಣ್ಣು ಕಳೆದುಕೊಂಡರು.

ವೈದ್ಯರ ಬಳಿ ಹೋದಾಗ "ತಲೆನೋವು ಸಾರ್" ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ನೋವು ಶುರುವಾದ ದಿನ ಮತ್ತು ಹೊತ್ತು, ಜ್ವರ ಬಂದದ್ದು ಅದಕ್ಕಿಂತ ಮುಂಚೆಯೋ ಆಮೇಲೋ, ನುಂಗಿದ ಮಾತ್ರೆಯ ಹೆಸರು, ಕಳೆದ ಹದಿನೈದು ದಿನಗಳಲ್ಲಿ ನೀವು ಹೋಗಿ ಬಂದ ಊರು, ಕಾಡು, ಮದುವೆಮನೆ, ಮತ್ತು ನಿಮ್ಮ ಮನೆಯಲ್ಲೋ ತರಗತಿಯ ಬೆಂಚಿನಲ್ಲೋ ಕಾಯಿಲೆ ಬಿದ್ದ ಬೇರೆಯವರು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅವರ ಕೈಗೆ ಕೊಡಿ.